ಮಳೆಗಾಲಕ್ಕೆ ಮುನ್ನ ಬಯಲಲ್ಲಿರುವ ಹಳೆಯ ವಿಮಾನಗಳನ್ನು ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗ ಸೂರ್ಯಕಿರಣ, ಸಾರಂಗ ತಂಡಗಳ ಹಾರಾಟ ನೋಡಲು ಜನ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಮಿಕ್ಕ ದಿನಗಳಲ್ಲಿ ಮಕ್ಕಳಿಗೆ ಹತ್ತಿರದಿಂದ ನೋಡಸಿಗುವುದು ನಿವೃತ್ತಿಯಾಗಿ ಬಯಲಲ್ಲಿ ನಿಂತಿರುವ ವಿಮಾನಗಳು: ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದಿನ ಮಾರುತ್ ಯುದ್ಧವಿಮಾನ, ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವವು, ಕಾರವಾರದ ಕಡಲತೀರದಲ್ಲಿರುವ ನೌಕಾಪಡೆಯ ಗಸ್ತು ವಿಮಾನ ಟುಪೊಲೆವ್-142, ಕೆಲವು ಎಂಜಿನಿಯರಿಂಗ್ ಕಾಲೇಜುಗಳ ಆವರಣದಲ್ಲಿರುವ ಹಳೆಯ ಜೆಟ್‌ಗಳು. ಇಂಥ ವಿಮಾನ ಇಟ್ಟುಕೊಂಡಿರುವ ಎಲ್ಲ ಸಂಸ್ಥೆಗಳಿಗೂ ಈ ಪತ್ರದ ಮೂಲಕ ಒಂದು ವಿನಂತಿ. ವರ್ಷಕ್ಕೆ ಎರಡು ಬಾರಿ, ಮೇ ಕೊನೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ, ತಿಳಿದವರಿಂದ ಅವುಗಳ ತಪಾಸಣೆ ಮಾಡಿಸಿ. ಸಮಾರಂಭದ ಹಿಂದಿನ ವಾರ ಬಣ್ಣ ಬಳಿಸಿಬಿಟ್ಟರೆ ಒಳಗಿನ ತುಕ್ಕು ಮುಚ್ಚಿಹೋಗುತ್ತದೆ, ನಿಲ್ಲುವುದಿಲ್ಲ.

ಮಾರುತ್ ವಿಷಯವನ್ನೇ ನೋಡಿ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಈ ವಿಮಾನ 1961ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿತು. ತಯಾರಾದದ್ದು 147 ಮಾತ್ರ. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಮಾರುತ್ ಅಪಘಾತದಲ್ಲೇ ತೀರಿಕೊಂಡರು. ನಗರದ ಒಂದು ರಸ್ತೆಗೆ ಅವರ ಹೆಸರಿದೆ. ಉಳಿದಿರುವ ಮಾರುತ್‌ಗಳಲ್ಲಿ ಒಂದು ಕೊಳೆತರೂ ಅದರ ಜಾಗಕ್ಕೆ ಇನ್ನೊಂದು ಸಿಗದು.

ಮೊದಲ ಶತ್ರು ನೀರು. ವಿಮಾನದ ಹೊಟ್ಟೆಯಡಿ, ರೆಕ್ಕೆಯಡಿ, ಬಾಲದ ಬಳಿ ನೀರು ಬಸಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ದೂಳು, ಹಕ್ಕಿಗೂಡಿನ ಕಡ್ಡಿ, ಹಳೆಯ ಬಣ್ಣದ ಪದರು ಅವನ್ನು ಮುಚ್ಚಿಬಿಡುತ್ತವೆ. ನೈಲಾನ್ ಕಡ್ಡಿಯಿಂದ ಒಂದೊಂದನ್ನೂ ಬಿಡಿಸಬೇಕು. ಕಂಬದ ಮೇಲೆ ಮೂತಿ ಎತ್ತಿ ನಿಲ್ಲಿಸಿದ ವಿಮಾನಗಳಲ್ಲಿ ಇನ್ನೊಂದು ತೊಡಕಿದೆ. ಆ ರಂಧ್ರಗಳು ವಿಮಾನ ಚಕ್ರಗಳ ಮೇಲೆ ನಿಂತಾಗ ತಗ್ಗಿನಲ್ಲಿರುವಂತೆ ಮಾಡಿದವು. ಓರೆಯಾದೊಡನೆ ತಗ್ಗು ಬಾಲದ ಕಡೆಗೆ ಸರಿಯುತ್ತದೆ, ನೀರು ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಲ್ಲಿ 6ರಿಂದ 8 ಮಿ.ಮೀ. ಅಗಲದ ಹೊಸ ರಂಧ್ರ ಕೊರೆಯಲೇಬೇಕಾಗುತ್ತದೆ, ಆದರೆ ಚೌಕಟ್ಟಿಗೆ ತಾಗದಂತೆ, ಬಲ್ಲವರು ಗುರುತು ಮಾಡಿದ ಕಡೆ ಮಾತ್ರ. ಗಾಳಿ ನುಗ್ಗುವ ಬಾಯಿ ಮತ್ತು ಹಿಂದಿನ ಜೆಟ್ ಕೊಳವೆಗೆ ತಗಡು ಬಡಿದು ಮುಚ್ಚಬೇಡಿ, ಒಳಗೆ ಹಬೆ ಕಟ್ಟುತ್ತದೆ. ಹಕ್ಕಿ ನುಸುಳದಷ್ಟು ಸಣ್ಣ ಕಣ್ಣಿನ ಜಾಲರಿ ಸಾಕು.

ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಬೋಲ್ಟು ತಾಗಿರುವಲ್ಲಿ ತೇವ ಸೇರಿದರೆ ಸಣ್ಣ ಬ್ಯಾಟರಿಯೇ ಹುಟ್ಟಿಕೊಂಡು ಅಲ್ಯೂಮಿನಿಯಂ ಸವೆಯುತ್ತದೆ. ರಿವೆಟ್ ಸುತ್ತ ಬಿಳಿ ಹುಡಿ, ಬಣ್ಣದಡಿ ಗುಳ್ಳೆ, ತಗಡು ಪದರು ಪದರಾಗಿ ಬಿಡುವುದು ಇದರ ಲಕ್ಷಣ. ಉಜ್ಜಲು ತಂತಿ ಬ್ರಷ್, ಉಕ್ಕಿನ ಉಣ್ಣೆ ಬೇಡ. ಕಬ್ಬಿಣದ ಕಣಗಳು ಮೈಯಲ್ಲಿ ಸಿಕ್ಕಿಕೊಂಡು ಹೊಸ ತುಕ್ಕಿಗೆ ಬೀಜವಾಗುತ್ತವೆ. ನೈಲಾನ್ ಪ್ಯಾಡ್ ಬಳಸಿ. ಹಳೆಯ ವಿಮಾನಗಳ ಒಳಪದರು ಹಸಿರು ಮಿಶ್ರಿತ ಹಳದಿ ಬಣ್ಣದ್ದಾಗಿದ್ದರೆ ಅದು ಬಹುಮಟ್ಟಿಗೆ ತುಕ್ಕು ತಡೆಯಲು ಬಳಿದ ಕ್ರೋಮೇಟ್ ಪ್ರೈಮರ್. ಅದರ ದೂಳು ಕ್ಯಾನ್ಸರ್‌ಕಾರಕ, ಒಣಗಿದ ಹಾಗೇ ಉಜ್ಜಬಾರದು. ಒದ್ದೆ ಮಾಡಿ, ತಕ್ಕ ಮುಖಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಬರಿ ಅಲ್ಯೂಮಿನಿಯಂ ಮೇಲೆ ನೇರವಾಗಿ ಬಳಿದ ಎನಾಮಲ್ ಬಣ್ಣ ಬೇಗ ಏಳುತ್ತದೆ. ಮೊದಲು ಎಪಾಕ್ಸಿ ಪ್ರೈಮರ್, ಮೇಲೆ ತೆಳುವಾಗಿ ಪಾಲಿಯುರೆಥೇನ್.

ಬಣ್ಣಕ್ಕೆ ಕೈಹಾಕುವ ಮುನ್ನ ಬಾಲದ ಸಂಖ್ಯೆ, ವೃತ್ತಲಾಂಛನ, ಮೈಮೇಲಿನ ಸಣ್ಣ ಎಚ್ಚರಿಕೆ ಬರಹಗಳ ಅಳತೆ ಹಿಡಿದು ಫೋಟೊ ತೆಗೆದಿಡಿ. ಆ ಸಂಖ್ಯೆಯಿಂದಲೇ ವಿಮಾನ ಯಾವ ದಳದಲ್ಲಿತ್ತೆಂದು ಹುಡುಕಬಹುದು. ಅಂದಾಜಿನ ಮೇಲೆ ಬರೆದ ಸಂಖ್ಯೆ ಇತಿಹಾಸಕ್ಕೆ ಮಾಡುವ ಅಪಚಾರ.

ತೊಳೆಯಲು ಪ್ರೆಷರ್ ವಾಷರ್ ಬೇಡವೇ ಬೇಡ, ನೀರು ತಗಡಿನ ಜೋಡಣೆಯೊಳಗೆ ನುಗ್ಗುತ್ತದೆ. ಸೌಮ್ಯ ಸೋಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ಮೇಲಿನಿಂದ ಕೆಳಕ್ಕೆ ತೊಳೆದರೆ ಗೆರೆ ಉಳಿಯದು. ಕೊಳವೆಬಾವಿಯ ಗಡಸು ನೀರು ಉಪ್ಪಿನ ಕಲೆ ಬಿಡುತ್ತದೆ, ಕೊನೆಯ ತೊಳೆತಕ್ಕೆ ಮಳೆನೀರು ಉತ್ತಮ. ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ ಅಕ್ರಿಲಿಕ್‌ನದು. ಪೆಟ್ರೋಲ್, ಥಿನ್ನರ್ ತಾಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ.

ಚಕ್ರದ ಮೇಲೆ ನಿಂತ ವಿಮಾನದ ಭಾರವನ್ನು ಟೈರುಗಳಿಂದ ಇಳಿಸಿ, ಜ್ಯಾಕ್ ಕೊಡಲೆಂದೇ ಮಾಡಿದ ಬಿಂದುಗಳಡಿ ಉಕ್ಕಿನ ಊರುಗೋಲು ಕೊಡಬೇಕು. ಹಿಂಭಾಗದ ಎಂಜಿನ್ ತೆಗೆದ ವಿಮಾನ ಮುಂದಕ್ಕೆ ವಾಲುತ್ತದೆ. ಮೂಗಿನ ಉಪಕರಣ, ಬಂದೂಕು ತೆಗೆದದ್ದು ಹಿಂದಕ್ಕೆ. ಕಳೆದ ತೂಕವನ್ನು ಲೆಕ್ಕಹಾಕಿ ತುಂಬದಿದ್ದರೆ ಬಿರುಗಾಳಿಗೆ ಮಗುಚುವ ಅಪಾಯವಿದೆ. ಏರಿಳಿಯುವ ರೆಕ್ಕೆಯಂಚುಗಳನ್ನೂ ಕಟ್ಟಿಹಾಕಿ, ಗಾಳಿಗೆ ಬಡಿದುಕೊಂಡು ಕೀಲು ಮುರಿಯುತ್ತವೆ.

ಸುರಕ್ಷತೆಯಲ್ಲಿ ರಾಜಿ ಸಲ್ಲದು. ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟಿನ ಸಿಡಿಮದ್ದಿನ ಕಾರ್ಟ್ರಿಜ್‌ಗಳು, ಕಾಕ್‌ಪಿಟ್ ಮುಚ್ಚಳ ಹಾರಿಸುವ ಮದ್ದು, ಆಮ್ಲಜನಕದ ಸಿಲಿಂಡರು ಎಲ್ಲ ತೆಗೆದಿದ್ದಾರೆಂಬ ಲಿಖಿತ ಪತ್ರ ಕಡತದಲ್ಲಿರಬೇಕು. ಅದಿಲ್ಲದೆ ಯಾರನ್ನೂ ಒಳಗೆ ಕೂರಿಸಬೇಡಿ. ಬಹಳ ಹಳೆಯ ಡಯಲ್‌ಗಳ ಹೊಳೆಯುವ ಅಂಕಿಗಳಲ್ಲಿ ರೇಡಿಯಂ ಇರಬಹುದು, ಗಾಜು ಬಿಚ್ಚಬಾರದು.

ಕಾರವಾರದಂಥ ಕಡಲತೀರಕ್ಕೆ ವರ್ಷಕ್ಕೆ ಎರಡು ಬಾರಿ ಸಾಲದು. ಉಪ್ಪುಗಾಳಿ ನಿತ್ಯದ್ದು, ಮಳೆಯಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಸಿಹಿನೀರಿನ ತೊಳೆತ ಬೇಕು. ರೆಕ್ಕೆಗಳ ತುದಿಯಿಂದ ತುದಿಗೆ ಸುಮಾರು 50 ಮೀಟರ್ ಇರುವ ಅಲ್ಲಿನ ಟುಪೊಲೆವ್‌ಗೆ ಇದು ಸಣ್ಣ ಕೆಲಸವಲ್ಲ, ಅದಕ್ಕೇ ಪ್ರತ್ಯೇಕ ಅನುದಾನ ಇರಬೇಕು.

ಬೆಂಗಳೂರಿನಲ್ಲಿ ವಾಯುಪಡೆ ಮತ್ತು ಎಚ್‌ಎಎಲ್‌ನಿಂದ ನಿವೃತ್ತರಾದ ತಂತ್ರಜ್ಞರು ಬೇಕಾದಷ್ಟಿದ್ದಾರೆ, ಏರೋನಾಟಿಕಲ್ ವಿದ್ಯಾರ್ಥಿಗಳೂ ಇದ್ದಾರೆ. ಹಿರಿಯರು ತೋರಿಸಿಕೊಟ್ಟು ವಿದ್ಯಾರ್ಥಿಗಳು ಕೆಲಸ ಮಾಡಲಿ. ತೊಳೆದ ದಿನಾಂಕ, ಬಿಡಿಸಿದ ರಂಧ್ರ, ಕಂಡ ಗುಳ್ಳೆಯ ಜಾಗ ಮತ್ತು ಅಳತೆಯನ್ನು ಪ್ರತಿ ವಿಮಾನಕ್ಕೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಈ ಮೇ ತಿಂಗಳಲ್ಲೇ ಶುರುವಾಗಲಿ.

– ಹಳೆಯ ವಿಮಾನಗಳ ಆಸಕ್ತರು, ಬೆಂಗಳೂರು