ಗಾಡಿ ತಿರುಗಿಸಲು ಜಾಗವಿಲ್ಲದ ರಸ್ತೆ

ಈ ಸಲದ ಎಳ್ಳ ಅಮಾವಾಸ್ಯೆಗೆ ನಾನು ಮನೆಯಿಂದ ಹೊಲದವರೆಗೆ ನಡೆದುಕೊಂಡೇ ಹೋದೆ. ದಾರಿಯಲ್ಲಿ ಎರಡು ಕಡೆ, ಮೊದಲು ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ, ಆಮೇಲೆ ಹಳ್ಳದ ದಂಡೆಯ ಬನ್ನಿಗಿಡದ ಕೆಳಗೆ ಕುಳಿತು ಉಸಿರು ಸುಧಾರಿಸಿಕೊಳ್ಳಬೇಕಾಯಿತು. ಹೋದ ಹಬ್ಬಕ್ಕೆ ಮೂರುಗಾಲಿಯ ಟಂಟಂನಲ್ಲಿ ಹೋಗಿದ್ದೆ. ಅದರ ಹಿಂದಿನ ಹಬ್ಬದಲ್ಲಿ ಭಜ್ಜಿ, ಸಜ್ಜೆ ರೊಟ್ಟಿಗಳನ್ನು ಮಂಚದ ಬಳಿಗೇ ತಂದಿಟ್ಟಿದ್ದರೂ ಅವುಗಳ ವಾಸನೆ ಕೂಡ ನನಗೆ ಸೇರಿರಲಿಲ್ಲ. ಆಳಂದ ತಾಲ್ಲೂಕಿನ ಈ ಊರಲ್ಲಿ ಹುಟ್ಟಿ, ಇಲ್ಲಿಯೇ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದ ನನಗೆ ಆ ಹೊಲದ ದಾರಿ ಎಷ್ಟು ಉದ್ದವಿದೆಯೆಂಬುದು ಇದೇ ಮೊದಲ ಬಾರಿ ತಿಳಿಯಿತು. ಬಾಯಿಮಾತಿನಲ್ಲಿ ಹೇಳಿ ಮುಗಿಸಲಾಗದ ಋಣವನ್ನು ಬರೆದಾದರೂ ಒಪ್ಪಿಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ.

ನನ್ನ ಶ್ವಾಸಕೋಶದ ಕ್ಯಾನ್ಸರ್ ಯಾವ ಹಂತದ್ದು, ಯಾವ ಔಷಧ ನಡೆದಿದೆ ಎಂಬುದನ್ನು ಇದನ್ನು ಓದುವ ಬಹುತೇಕರು ಬಲ್ಲರಾದ್ದರಿಂದ ಮತ್ತೆ ವಿವರಿಸುವುದಿಲ್ಲ. "ಪೂರ್ತಿ ಗುಣ ಆಯ್ತೇನ್ರಿ ಅಕ್ಕೋರೆ?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಕಾಯಿಲೆ ಸದ್ಯಕ್ಕೆ ಸುಮ್ಮನಿದೆ, ನಾನು ಸುಮ್ಮನಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ವೈದ್ಯರು ಮತ್ತು ಶುಶ್ರೂಷಕಿಯರು, ಪುಣೆಯಿಂದ ರಜೆ ಹಾಕಿ ಹಾಕಿ ಬಂದ ಮಗ, ಊಟ ಕಳಿಸಿದ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು, ಮನೆಗೆ ಬಂದು ಮಾತ್ರೆಗಳ ಲೆಕ್ಕ ನೋಡಿದ ಆಶಾ ಕಾರ್ಯಕರ್ತೆ, ಇವರೆಲ್ಲರಿಗೂ ನನ್ನ ನಮಸ್ಕಾರ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗಾಗಿ ಹೋಗಿಬರಲು ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ. ದರ್ಜೆಯಲ್ಲಿ ದರದ ಪೂರ್ಣ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75ರಷ್ಟು ರಿಯಾಯಿತಿ ಇದೆಯೆಂದು ತಿಳಿಸಿ, ಅದಕ್ಕೆ ಬೇಕಾದ ಆಸ್ಪತ್ರೆಯ ಪ್ರಮಾಣಪತ್ರದ ನಮೂನೆಯನ್ನೂ ತಂದುಕೊಟ್ಟ ಹಳೆಯ ಸಹೋದ್ಯೋಗಿಗೆ ಒಂದು ನಮಸ್ಕಾರ ಹೆಚ್ಚಿಗೆ ಸಲ್ಲಬೇಕು, ಏಕೆಂದರೆ ಕಲಬುರಗಿಯಿಂದ ಬೆಂಗಳೂರಿಗೆ ಒಂದಿಡೀ ರಾತ್ರಿಯ ಪ್ರಯಾಣವನ್ನು ಮೇಲಿಂದ ಮೇಲೆ ಮಾಡುವವರಿಗೆ ಟಿಕೆಟಿನ ಹಣವೂ ಔಷಧದ ಹಣದಷ್ಟೇ ಭಾರವಾಗುತ್ತದೆ.

ಇನ್ನು ಉಳಿದ ಮಾತೆಲ್ಲ ನಮ್ಮ ಓಣಿಯಲ್ಲಿ ಟಂಟಂ ಓಡಿಸುವ, ನನಗೆ ತಮ್ಮನಂಥವನ ಕುರಿತಾದದ್ದು. ಹೆಸರು ಬರೆಯಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಅವನು ನನ್ನ ವಿದ್ಯಾರ್ಥಿಯಾಗಿದ್ದವನಲ್ಲ. ಬೀದರ್ ಕಡೆಯಿಂದ ಮನೆಅಳಿಯನಾಗಿ ನಮ್ಮೂರಿಗೆ ಬಂದವನು. ಹೀಗಾಗಿ ಗುರುಋಣದ ಮಾತೂ ಇಲ್ಲಿಲ್ಲ.

2022ರ ಮೇ ತಿಂಗಳ ಆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಗಿತ್ತು. ಎದೆಯಲ್ಲಿ ನೀರು ತುಂಬಿಕೊಂಡು ಮಲಗಲಾಗದೆ, ದಿಂಬುಗಳನ್ನು ತೊಡೆಯ ಮೇಲೇರಿಸಿ ಮುಂದಕ್ಕೆ ಬಾಗಿ ಕುಳಿತಿದ್ದೆ. 108ರ ಗಾಡಿ ಬೇರೊಂದು ಊರಿಗೆ ಹೋಗಿದ್ದರಿಂದ ತಂಗಿ ಓಡಿಹೋಗಿ ಅವನ ಬಾಗಿಲು ಬಡಿದಳು. ಕಲಬುರಗಿಯ ದಾರಿ ಅರ್ಧವೂ ಆಗಿರಲಿಲ್ಲ, ನನಗೆ ಇನ್ನು ಸಾಕೆನಿಸಿತು. ಸಾಯುವುದಾದರೆ ನನ್ನ ಮನೆಯ ಪಡಸಾಲೆಯಲ್ಲಿ ಸಾಯುತ್ತೇನೆ, ಗಾಡಿ ತಿರುಗಿಸು ಎಂದು ಒಂದೊಂದೇ ಶಬ್ದ ಎಳೆದು ಹೇಳಿದೆ. ತಂಗಿ ಅಳತೊಡಗಿದಳು. ಅವನು ಸಮಾಧಾನವನ್ನೂ ಹೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. "ಇಲ್ಲಿ ಗಾಡಿ ತಿರುಗಿಸ್ಲಿಕ್ಕ ಜಾಗ ಇಲ್ರಿ ಅಕ್ಕೋರೆ, ಮುಂದ ನೋಡಾಮು" ಎಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದೆ. ಮತ್ತೆ ಅದೇ ಉತ್ತರ ಬಂತು. ಆ ರಸ್ತೆಯಲ್ಲಿ ಕಬ್ಬಿನ ಲಾರಿಗಳೂ ಸಲೀಸಾಗಿ ಹಿಂದಕ್ಕೆ ತಿರುಗುತ್ತವೆ.

ಆಸ್ಪತ್ರೆಯಲ್ಲಿ ನೀರು ತೆಗೆಯಲು ಬೆಳಗಾಗಬೇಕಾಯಿತು. ಅಲ್ಲಿಯವರೆಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಕುಳಿತಿದ್ದ ನನಗೆ, ಮುಖಕ್ಕೆ ಗಾಳಿ ತಾಗುತ್ತಿದ್ದರೆ ಉಸಿರು ಸಿಗದ ಸಂಕಟ ಕಡಿಮೆಯೆನಿಸುತ್ತದೆ ಎಂದು ರಾತ್ರಿಪಾಳಿಯ ಶುಶ್ರೂಷಕಿ ಹೇಳಿದ್ದೇ ತಡ, ಅವನು ಸಲಾಯಿನ್ ಬಾಟಲಿಗಳ ಖಾಲಿ ಪೆಟ್ಟಿಗೆಯನ್ನು ಹರಿದು ಅದರ ರಟ್ಟಿನಿಂದ ಬೀಸಲು ನಿಂತ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ನಸುಕಿನಲ್ಲಿ ತಂಗಿ ಗೋಡೆಗೆ ಒರಗಿ ನಿದ್ದೆಹೋಗಿದ್ದಾಗ ಕಣ್ತೆರೆದು ನೋಡಿದರೆ, ಅವನು ಕಣ್ಣು ಮುಚ್ಚಿಕೊಂಡೇ ಬೀಸುತ್ತಿದ್ದ. ಮರುದಿನದ ಬಾಡಿಗೆಯೂ ಹೋಯಿತು. ಡೀಸೆಲಿನ ಹಣ ಮಾತ್ರ ತೆಗೆದುಕೊಂಡ, ಅದೂ ಮಗ ಬಂದು ಜಗಳವಾಡಿದ ಮೇಲೆ.

ಕಷ್ಟದ ರಾತ್ರಿ ಕಳೆದ ಮೇಲೆ ನೆರವಿಗೆ ಬಂದವರು ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಈ ಕಾಯಿಲೆಯೊಡನೆ ಬದುಕುವವರ ತೊಡಕು ಇರುವುದೇ ಆಮೇಲಿನ ದಿನಗಳಲ್ಲಿ. ಕೊಡ ಎತ್ತಲಾಗದು, ರೊಟ್ಟಿ ತಟ್ಟುವಾಗ ನಡುವೆ ನಿಲ್ಲಬೇಕು, ಸ್ಕ್ಯಾನಿಂಗಿನ ಹಿಂದಿನ ವಾರ ನಿದ್ದೆ ಇಲ್ಲ. ವ್ಯಾಯಾಮ ಹೇಳಿಕೊಡುವವರು ಕಲಬುರಗಿಯಲ್ಲಿದ್ದಾರೆ, ನಾನು ಇಲ್ಲಿದ್ದೇನೆ. ಅವರು ಹೇಳಿಕೊಟ್ಟದ್ದನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡವನು ಅವನೇ: ಮೂಗಿನಿಂದ ಉಸಿರು ಒಳಗೆ, ಬಿಸಿ ಚಹಾ ಆರಿಸುವಂತೆ ತುಟಿ ಕೂಡಿಸಿ ನಿಧಾನವಾಗಿ ಹೊರಗೆ, ಒಳಗೆಳೆದದ್ದಕ್ಕಿಂತ ಇಮ್ಮಡಿ ಹೊತ್ತು. ಓಣಿಯಲ್ಲಿ ಎದುರಾದಾಗಲೆಲ್ಲ "ಚಹಾ ಆರ್ಸಿದ್ರೇನ್ರಿ?" ಎಂದು ಕೇಳುತ್ತಾನೆ. ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೈಯೂರಲು ಅಡ್ಡಗಂಬಿಯೊಂದನ್ನು ಬೆಸುಗೆ ಹಾಕಿಸಿದ್ದಾನೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು, ಧೂಳು ಹಾರುವ ಕಣಗಳ ಕಡೆಯ ದಾರಿ ಬಿಟ್ಟು ಸುತ್ತಿ ಬರುತ್ತಾನೆ.

ಒಂದು ಮಾತನ್ನು ಇಲ್ಲಿ ಮುಚ್ಚಿಡಲಾರೆ. ಕಾಯಿಲೆಯ ಹೆಸರು ಕೇಳಿದೊಡನೆ ಹಲವರು, ಕೆಲವರು ನನ್ನ ಎದುರಿಗೇ, ನಾನು ಕದ್ದು ಬೀಡಿ ಸೇದುತ್ತಿದ್ದೆನೇ ಎಂದು ಕೇಳಿದರು. ನಾನು ಕುಡಿದ ಲೋಟವನ್ನು ಬೇರೆ ಇಟ್ಟವರೂ ಇದ್ದಾರೆ. ನಲವತ್ತು ವರ್ಷ ತೊಗರಿಕಟ್ಟಿಗೆ ಉರಿಸಿ ಅಡುಗೆ ಮಾಡಿದವಳು ನಾನು. ಕಟ್ಟಿಗೆಯ ಹೊಗೆಯಿಂದಲೂ ಈ ಕಾಯಿಲೆ ಬರುವ ಸಂಭವವಿದೆಯೆಂದು ವೈದ್ಯರು ಹೇಳುತ್ತಾರೆ, ನನಗೆ ಅದರಿಂದಲೇ ಬಂತೆಂದು ಖಚಿತವಾಗಿ ಯಾರೂ ಹೇಳಲಾರರು. ಸೇದಿದವರಿಗೇ ಬಂದಿದ್ದರೂ ಅವರನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸುವ ಅಧಿಕಾರ ಯಾರಿಗಿದೆ? ಆ ಪ್ರಶ್ನೆಗಳ ಅವಮಾನದಲ್ಲಿ ನಾನು ನಾಲ್ಕು ತಿಂಗಳು ಹೊರಗೇ ಬರಲಿಲ್ಲ. ಆ ನಾಲ್ಕು ತಿಂಗಳನ್ನು ಇವತ್ತಿಗೂ ಯಾರಿಗೂ ಕ್ಷಮಿಸಿಲ್ಲ. ಆ ದಿನಗಳಲ್ಲಿ ನಮ್ಮ ಕಟ್ಟೆಗೆ ಬಂದು, ನನ್ನ ಲೋಟದಲ್ಲಿಯೇ ನೀರು ಕೇಳಿ ಕುಡಿದು ಹೋಗುತ್ತಿದ್ದವನು ಅವನು. ಹಾಗೆ ಬೇಕೆಂದೇ ಮಾಡುತ್ತಿದ್ದನೋ, ಬಾಯಾರಿಕೆಯಿಂದ ಮಾಡುತ್ತಿದ್ದನೋ ನಾನು ಕೇಳಿಲ್ಲ.

ಈ ಸಲ ಹೊಲದಲ್ಲಿ ಚರಗ ಚೆಲ್ಲುವಾಗ, ಅಂದರೆ ಹಬ್ಬದಡುಗೆಯನ್ನು ಬೆಳೆಗೆ ಎರಚುವಾಗ, "ಹುಲ್ಲುಲ್ಲಿಗೋ" ಎಂದು ಕೂಗಲು ಮನೆಯ ಹುಡುಗರೆಲ್ಲ ನನ್ನನ್ನು ಮುಂದೆ ಮಾಡಿದರು. ಎರಡು ಅಕ್ಷರ ಕೂಗುವಷ್ಟರಲ್ಲಿ ದಮ್ಮು ಮುಗಿಯಿತು. ಉಳಿದದ್ದನ್ನು ಬದುವಿನ ಮೇಲೆ ನಿಂತಿದ್ದ ಅವನು ಕೂಗಿದ, ನಮ್ಮ ಕಡೆಯ ಧಾಟಿ ಬಾರದೆ ತಪ್ಪು ತಪ್ಪಾಗಿ ಕೂಗಿದ, ಎಲ್ಲರೂ ನಕ್ಕರು. ನಾನೂ ನಕ್ಕು, ಕೆಮ್ಮಿ, ಚಹಾ ಆರಿಸಿ, ಊಟಕ್ಕೆ ಕುಳಿತೆ.