ಸುಮಾಳಿಗೆ ಅತ್ತೆಯ ಪತ್ರ

ತೀರ್ಥಹಳ್ಳಿ
20 ಮೇ 2021

ಚಿ. ಸುಮಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ, ನಿನ್ನ ಕೊರೊನಾ ಐಸಿಯುನ ರೋಗಿಯೊಬ್ಬರು ತೀರಿಕೊಂಡದ್ದನ್ನು "ಹನ್ನೆರಡನೇ ಬೆಡ್ ಹೋಯ್ತು ಅತ್ತೆ" ಎಂದವಳು ಮರುಮಾತಿಗೇ ಮಿಡಿ ಉಪ್ಪಿನಕಾಯಿ ಹಾಕಿದ್ದಾಯಿತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳುವೇ ಬರಲಿಲ್ಲ, ಕಲ್ಲಾಗಿಬಿಟ್ಟೆನೇನೋ" ಎಂದೆ. ಮೂವತ್ತೊಂದು ವರ್ಷ ಇದೇ ನರ್ಸ್ ಕೆಲಸ ಮಾಡಿದ ನಾನು ಎರಡು ಸಮಾಧಾನದ ಮಾತು ಹೇಳಿ ಫೋನಿಟ್ಟದ್ದು ಸರಿಯೆನಿಸದೆ ಈ ಪತ್ರ ಬರೆಯುತ್ತಿದ್ದೇನೆ.

ನಿನಗಾಗಿರುವುದಕ್ಕೆ ಹೆಸರಿದೆ. ಕಾರ್ಲಾ ಜಾಯ್ನ್‌ಸನ್ ಎಂಬವರು 1992ರಲ್ಲಿ ನರ್ಸ್‌ಗಳ ಬಗ್ಗೆ ಬರೆಯುತ್ತ ಇದನ್ನು ಅನುಕಂಪದ ದಣಿವು ಎಂದು ಕರೆದರು. ನಾನು ಆ ಮಾತನ್ನು ಕೇಳಿದ್ದು ನಿವೃತ್ತಿ ಹತ್ತಿರವಾದಾಗ. ದಣಿವನ್ನು ಮಾತ್ರ ಬಹಳ ಮೊದಲೇ ಉಂಡಿದ್ದೆ. ಒಂದು ಬೇಸಗೆಯಲ್ಲಿ ವಾಂತಿಭೇದಿಯ ವಾರ್ಡಿನಲ್ಲಿ ಹಾಸಿಗೆ ಸಾಲದೆ ನೆಲದ ಮೇಲೂ ರೋಗಿಗಳಿದ್ದಾಗ, ಮಗುವಿನ ಡ್ರಿಪ್ ನಿಂತಿದೆಯೆಂದು ಮೂರನೆಯ ಸಲ ಕರೆಯಲು ಬಂದ ತಾಯಿಯ ಮೇಲೆ "ನಿನ್ನದೊಂದೇ ಮಗುವೇನಮ್ಮಾ ಇಲ್ಲಿರುವುದು?" ಎಂದು ರೇಗಿದೆ. ಹೋಗಿ ನೋಡಿದರೆ ಸೂಜಿ ಜಾರಿ ಮಗುವಿನ ಅಂಗೈ ಬನ್ನಿನಂತೆ ಊದಿಕೊಂಡಿತ್ತು. ಮಗು ಉಳಿಯಿತು. ಮನೆಗೆ ಹೊರಟಾಗ ಆ ಹೆಂಗಸು ನನಗೆ ಕೈ ಮುಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನೇ ಕೆಟ್ಟ ನರ್ಸ್ ಎಂದು ತೀರ್ಮಾನಿಸಿಕೊಂಡು, ಯಾರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿದ್ದೆ. ನೀನು ಹಾಗೆ ಮಾಡಬೇಡ.

ಈ ತಿಂಗಳ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣಗಳು ವರದಿಯಾದವು. ಈಗ ಸಂಖ್ಯೆ ಇಳಿಯುತ್ತಿದೆಯೆಂದು ನಿಮ್ಮಪ್ಪ ಪೇಪರ್ ನೋಡಿ ಸಮಾಧಾನಪಡುತ್ತಾನೆ. ಆದರೆ ಸೋಂಕು ತಗಲಿ ಒಂದೆರಡು ವಾರದ ಮೇಲೆ ಉಸಿರು ಸಾಲದೆ ಐಸಿಯುಗೆ ಬರುವವರ ಸರದಿ ಇನ್ನೂ ನಿಮ್ಮ ಕೈಯಲ್ಲೇ ಇದೆಯೆಂಬುದು ಅವನಿಗೆ ತಿಳಿಯದು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಐಸಿಯುನಲ್ಲಿ ಹಾಸಿಗೆಗೊಬ್ಬ ನರ್ಸ್ ಇರಬೇಕು. ನಿನ್ನ ಪಾಲಿಗೆ ಐದು ಹಾಸಿಗೆ. ಪಿಪಿಇ ಕಿಟ್ಟಿನೊಳಗೆ ಬೆವರುತ್ತ ಒಬ್ಬರನ್ನು ಬೋರಲು ಮಲಗಿಸುವಷ್ಟರಲ್ಲಿ ಮತ್ತೊಬ್ಬರ ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಕುಸಿಯುವಾಗ, ಹನ್ನೆರಡನೆಯ ಹಾಸಿಗೆಯವರ ಪಕ್ಕದಲ್ಲಿ ನಿಲ್ಲಲಾಗಲಿಲ್ಲವೆಂದರೆ ಅದು ಆಳುಗಳ ಕೊರತೆಯೇ ಹೊರತು ನಿನ್ನ ಕರುಣೆಯ ಕೊರತೆಯಲ್ಲ. ಇದನ್ನು ಎಲ್ಲರೂ ಸೇರಿ ಇನ್‌ಚಾರ್ಜ್ ಸಿಸ್ಟರ್‌ಗೆ ಬರವಣಿಗೆಯಲ್ಲಿ ಕೊಡಿ. ಹೋದ ವರ್ಷ ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿಸಿದಾಗ ನನಗೂ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ದೇವತೆಯೆಂದು ಕರೆಸಿಕೊಂಡವಳು ವಾರದ ರಜೆ ಕೇಳಲು ನಾಚುತ್ತಾಳೆ.

ಕೆಲಸ ಬಿಡಲೇ ಎಂದು ಕೇಳಿದ್ದೀಯೆ. ನಮ್ಮಂಥ ಆರೈಕೆಯ ಕೆಲಸದವರ ಮನಸ್ಥಿತಿ ಅಳೆಯಲು ಮನಶ್ಶಾಸ್ತ್ರಜ್ಞೆ ಬೆತ್ ಸ್ಟ್ಯಾಮ್ ರೂಪಿಸಿದ ಪ್ರಶ್ನಾವಳಿಯೊಂದಿದೆ. ಅದರ 30 ಪ್ರಶ್ನೆಗಳಲ್ಲಿ ಹತ್ತು ಬಳಲಿಕೆಗೆ, ಹತ್ತು ಇತರರ ಸಂಕಟ ನೋಡಿ ತಗಲುವ ಆಘಾತಕ್ಕೆ, ಉಳಿದ ಹತ್ತು ಆರೈಕೆಯಿಂದ ಸಿಗುವ ತೃಪ್ತಿಗೆ ಮೀಸಲು. ತೃಪ್ತಿಯನ್ನು ಬೇರೆಯಾಗಿಯೇ ಅಳೆದದ್ದು ನನಗೆ ಸರಿಯೆನಿಸಿತು, ಏಕೆಂದರೆ ದಣಿವು, ತೃಪ್ತಿ ಎರಡೂ ಒಬ್ಬಳಲ್ಲೇ ಇರಬಲ್ಲವು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲನ್ನು ಅಜ್ಜಿಯೊಬ್ಬರ ಮುಖದ ಮುಂದೆ ಹಿಡಿದು ಮೊಮ್ಮಗನನ್ನು ತೋರಿಸಿದ್ದನ್ನು ಹೇಳುವಾಗ ನಿನ್ನ ದನಿಯಲ್ಲಿ ದಣಿವಿತ್ತು, ಬೇಸರವಿರಲಿಲ್ಲ. ಆದ್ದರಿಂದ ನೈಟ್ ಡ್ಯೂಟಿಗಳ ನಡುವೆ ರಾಜೀನಾಮೆ ಬರೆಯಬೇಡ. ಹತ್ತು ದಿನ ರಜೆ ಹಾಕಿ ಹೊಟ್ಟೆ ತುಂಬ ಉಂಡು, ಕಣ್ತುಂಬ ಮಲಗಿ ಎದ್ದ ಮೇಲೂ ಬಿಡಬೇಕೆನಿಸಿದರೆ ಬಿಡು. ನಿಮ್ಮಪ್ಪನಿಗೆ ನಾನು ಹೇಳುತ್ತೇನೆ. ನಿದ್ದೆಯೇ ಬಾರದಿದ್ದರೆ, ಸತ್ತವರ ಮುಖಗಳು ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದ್ದರೆ, ನಿಮ್ಹಾನ್ಸ್‌ನವರ ಸಹಾಯವಾಣಿಗೆ ಸಂಕೋಚವಿಲ್ಲದೆ ಫೋನ್ ಮಾಡು.

ಇನ್ನೊಂದು ಮಾತು. ಡ್ಯೂಟಿ ಮುಗಿಸಿ ಮುಂದಿನ ನರ್ಸ್‌ಗೆ ಹ್ಯಾಂಡ್‌ಓವರ್ ಕೊಡುವಾಗ ಬೆಡ್ ನಂಬರಿಗಿಂತ ಮೊದಲು ರೋಗಿಯ ಹೆಸರು ಹೇಳುವ ರೂಢಿ ಮಾಡಿಕೋ. ಅದರಿಂದ ನೋವು ಹೆಚ್ಚುವುದಿಲ್ಲವೇ ಎಂದರೆ, ಹೆಚ್ಚುತ್ತದೆ. ಆದರೆ ಅದು ಮನೆಗೆ ಬಂದು ಅತ್ತರೆ ಇಳಿಯುವ ನೋವು, ನಂಬರಿನ ಹಿಂದೆ ಬಚ್ಚಿಟ್ಟದ್ದು ನನ್ನ ಅನುಭವದಲ್ಲಿ ಇಳಿಯಲಿಲ್ಲ.

ಮಿಡಿ ಉಪ್ಪಿನಕಾಯಿ ಹಾಕಿದ್ದಾಗಿದೆ. ನಿನ್ನ ಪಾಲಿನ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೇನೆ. ಲಾಕ್‌ಡೌನ್ ತೆಗೆದು ಬಸ್ಸು ಬಿಟ್ಟ ದಿನವೇ ಕಳುಹಿಸುತ್ತೇನೆ.

ಇಂತು ನಿನ್ನ ಪ್ರೀತಿಯ
ಅತ್ತೆ