ಅರವತ್ತನೆಯ ನಿಮಿಷ

ಪ್ರಿಯ ಸದಸ್ಯರೇ,

2021ರ ನವೆಂಬರ್ 25, ಬ್ರೆಜಿಲ್‌ನ ಮನೌಸ್ ನಗರ. ಏಳು ಫುಟ್‌ಬಾಲ್ ವಿಶ್ವಕಪ್ ಆಡಿದ ಫೊರ್ಮಿಗಾ ಅವರಿಗೆ ಬ್ರೆಜಿಲ್ ಮಹಿಳಾ ತಂಡ ವಿದಾಯ ಹೇಳಲಿದ್ದ ಪಂದ್ಯ, ಎದುರಾಳಿ ಭಾರತ. ಮೊದಲ ನಿಮಿಷದಲ್ಲೇ ನಮ್ಮ ಬಲೆಗೆ ಚೆಂಡು ಬಿತ್ತು. ಎಂಟನೆಯ ನಿಮಿಷದಲ್ಲಿ ನಮ್ಮ ಕಡೆಯ ಒಬ್ಬ ಹುಡುಗಿ ಚೆಂಡಿನೊಂದಿಗೆ ಓಡತೊಡಗಿದಳು. ಹಿಂದೆ ಬಿದ್ದವರಿಗೆ ಸಿಗದೆ ಓಡಿ, ಗೋಲ್‌ಕೀಪರ್‌ಳನ್ನು ದಾಟಿಸಿ ಹೊಡೆದಳು. 1-1! ಕೊನೆಗೆ ಸೋತದ್ದು 6-1ರಿಂದ, ನಿಜ. ಆದರೂ ಆ ಓಟವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ಆ ಹುಡುಗಿ ಮನೀಷಾ ಕಲ್ಯಾಣ್. ಇಪ್ಪತ್ತು ತುಂಬಲು ಅಂದಿಗೆ ಇನ್ನೂ ಎರಡು ದಿನ ಬಾಕಿಯಿತ್ತು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮುಗ್ಗೋವಾಲ್ ಎಂಬ ಹಳ್ಳಿಯವಳು. ಶಾಲೆಯಲ್ಲಿ ಮೊದಲು ಹಿಡಿದದ್ದು ಓಟದ ಸ್ಪರ್ಧೆ. ಫುಟ್‌ಬಾಲ್‌ಗೆ ಬಂದದ್ದು ಹದಿಮೂರರ ಸುಮಾರಿಗೆ, ಶಾಲೆಯ ದೈಹಿಕ ಶಿಕ್ಷಕರ ಮಾತಿನಿಂದ. ಊರಿನ ಮೈದಾನದಲ್ಲಿ ಜೊತೆಗೆ ಆಡಲು ಇದ್ದವರು ಹುಡುಗರೇ. ಮನೌಸ್‌ನಲ್ಲಿ ಕಂಡ ವೇಗ ಆ ಓಟದಿಂದಲೇ ಬಂದದ್ದು ಎಂದು ನನ್ನ ಎಣಿಕೆ.

ಮುಂದೆ ಗೋಕುಲಂ ಕೇರಳ ತಂಡ ಅವಳನ್ನು ಬೆಳೆಸಿತು. 2022ರಲ್ಲಿ ಆ ತಂಡ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಿತು. ಇಲ್ಲಿ ಒಂದು ಸಂಖ್ಯೆಯನ್ನು ಗಮನಿಸಬೇಕು. ಆ ವರ್ಷದ ಲೀಗ್‌ನಲ್ಲಿ 12 ತಂಡಗಳು, ಒಂದೊಂದಕ್ಕೆ 11 ಪಂದ್ಯ. ಏಪ್ರಿಲ್ ಮಧ್ಯದಲ್ಲಿ ಆರಂಭವಾಗಿ ಮೇ ಕೊನೆಗೆ ಎಲ್ಲವೂ ಮುಗಿದುಹೋಯಿತು. ಉಳಿದ ಹತ್ತು ತಿಂಗಳು ಇಪ್ಪತ್ತರ ಹರೆಯದ ಆಟಗಾರ್ತಿ ಏನು ಮಾಡಬೇಕು? ಅಭ್ಯಾಸ ಎಷ್ಟಿದ್ದರೂ ಪಂದ್ಯದ ಕಾವು ಬೇರೆ. ಅವಳು ಸೈಪ್ರಸ್‌ನ ಅಪೊಲೊನ್ ಲೇಡೀಸ್ ಕ್ಲಬ್ ಸೇರಿದ್ದನ್ನು ಕೇವಲ ಹೆಮ್ಮೆಯ ಸುದ್ದಿಯಾಗಿ ಓದಲು ನನಗೆ ಆಗುವುದಿಲ್ಲ. ಆಡಲು ಪಂದ್ಯ ಬೇಕಿತ್ತು, ಹೋದಳು. ಭಾರತದ ಆಟಗಾರ್ತಿ ಬಾಲಾ ದೇವಿ 2020ರಲ್ಲಿ ಸ್ಕಾಟ್‌ಲೆಂಡ್‌ನ ರೇಂಜರ್ಸ್ ಕ್ಲಬ್ ಸೇರಿ ಆ ದಾರಿಯನ್ನು ಮೊದಲೇ ತುಳಿದಿದ್ದರು.

2022ರ ಆಗಸ್ಟ್‌ನ ಆ ಒಂದು ವಾರವನ್ನು ಮಾತ್ರ ಮರೆಯಲಾರೆ. ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣ ಹೇಳಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಭಾರತದ ಫುಟ್‌ಬಾಲ್ ಒಕ್ಕೂಟವನ್ನು ಅಮಾನತು ಮಾಡಿತು. ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ಗೋಕುಲಂ ಹುಡುಗಿಯರು ಅಷ್ಟರಲ್ಲಿ ತಾಷ್ಕೆಂಟ್ ತಲುಪಿಯಾಗಿತ್ತು. ಲೀಗ್ ಗೆದ್ದು ಸಂಪಾದಿಸಿದ ಅವಕಾಶ ಅದು. ಒಂದೂ ಪಂದ್ಯ ಆಡದೆ ಮರಳಿದರು. ಅದೇ ವಾರ, ಆಗಸ್ಟ್ 18ರಂದು, ಸೈಪ್ರಸ್‌ನಲ್ಲಿ ಅಪೊಲೊನ್ ತಂಡ ಲಾಟ್ವಿಯಾದ ರೀಗಾ ತಂಡವನ್ನು ಎದುರಿಸಿತು. ಅರವತ್ತನೆಯ ನಿಮಿಷದಲ್ಲಿ ಮನೀಷಾ ಬದಲಿ ಆಟಗಾರ್ತಿಯಾಗಿ ಒಳಗೆ ಬಂದಳು. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು. ಹಳೆಯ ಜೊತೆಗಾತಿಯರು ಹೋಟೆಲಿನಲ್ಲಿ ಕುಳಿತಿರುವಾಗ ಗೆರೆ ದಾಟಿ ಮೈದಾನಕ್ಕಿಳಿದ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೋ! ಅಮಾನತು ಹನ್ನೊಂದೇ ದಿನಕ್ಕೆ ತೆರವಾಯಿತು, ಆದರೆ ಕೈತಪ್ಪಿದ ಪಂದ್ಯಗಳು ಮರಳಿ ಬರಲಿಲ್ಲ. ಅಧಿಕಾರದ ಕಚ್ಚಾಟದ ಬೆಲೆಯನ್ನು ತೆತ್ತವರು ಅದರಲ್ಲಿ ಪಾಲೇ ಇಲ್ಲದ ಹುಡುಗಿಯರು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ನಮ್ಮ ಬಳಗದ ಹುಡುಗಿಯರಲ್ಲೂ ಹಲವರು ಚೆಂಡಿನ ಹಿಂದೆ ಬಿದ್ದವರೇ. ಹೈಸ್ಕೂಲು ಮೆಟ್ಟಿಲು ಹತ್ತುತ್ತಿದ್ದಂತೆ ಓದಿನ ನೆಪದಲ್ಲಿ ಬೂಟುಗಳು ಅಟ್ಟ ಸೇರುವುದನ್ನು ಕಂಡಿದ್ದೇನೆ. ಮನೀಷಾ ಆಟ ಶುರುಮಾಡಿದ್ದೇ ಆ ವಯಸ್ಸಿನಲ್ಲಿ. ಮುಂದಿನ ಸಂಚಿಕೆಯ ಕ್ರೀಡಾಪುಟವನ್ನು ಈ ಹುಡುಗಿಯರಿಗಾಗಿ ಮೀಸಲಿಟ್ಟಿದ್ದೇನೆ. ನಿಮ್ಮ ಮಗಳು ಆಡಿದ ಒಂದು ಪಂದ್ಯದ ವರದಿಯನ್ನು, ಸೋತದ್ದಾದರೂ ಸರಿ, ಅವಳ ಕೈಯಿಂದಲೇ ಕನ್ನಡದಲ್ಲಿ ಬರೆಸಿ ಕಳುಹಿಸಿ. ಕಾಗುಣಿತ ತಿದ್ದಿಕೊಳ್ಳುವ ಕೆಲಸ ನನ್ನದು.

— ಸಂಪಾದಕಿ